ರಾಜಮತಿ ಹಿಡಿದ ಮೌನ

ಬೋರಗಾಂವದಲ್ಲಿ ರಾಜಮತಿಯ ದನಿ ಕೇಳದೆ ಬೆಳಗಾದದ್ದು ಕಡಿಮೆ. ಎಂಟು ಪವರ್‌ಲೂಮ್ ಒಟ್ಟಿಗೆ ಬಡಿದುಕೊಳ್ಳುವ ಶೆಡ್ಡಿನ ಪಕ್ಕದ ಮನೆಗೆ ಸೊಸೆಯಾಗಿ ಬಂದವಳು ಮೆಲ್ಲಗೆ ಮಾತಾಡಿದರೆ ಯಾರಿಗೆ ಕೇಳಬೇಕು? ಮೊದಲ ವರ್ಷ ಕೂಗಿ ಮಾತಾಡಿದಳು, ಎರಡನೆಯ ವರ್ಷಕ್ಕೆ ಅದೇ ಅವಳ ದನಿಯಾಯಿತು. ಅವಳ ಗಂಡ ಜಯಪಾಲ ಇದಕ್ಕೆ ತದ್ವಿರುದ್ಧ. ಮಗ್ಗ ಮಾತಾಡುವಾಗ ನಾನ್ಯಾಕೆ ಮಾತಾಡಲಿ ಎಂಬಂತೆ ಇಡೀ ಆಯುಷ್ಯವನ್ನು ‘ಹೂಂ’ ಮತ್ತು ‘ಉಹೂಂ’ಗಳಲ್ಲೇ ಕಳೆದವನು. ಇಬ್ಬರ ಮಾತನ್ನೂ ಒಬ್ಬಳೇ ಆಡಬೇಕಾದ್ದರಿಂದ ರಾಜಮತಿಗೆ ಬಿಡುವೇ ಇರಲಿಲ್ಲ.

ನಾಲ್ಕು ವರ್ಷದ ಹಿಂದೆ ಅವಳಿಗೆ ಸ್ತನದ ಕ್ಯಾನ್ಸರ್ ಆಗಿ ಆಪರೇಷನ್ ಆಗಿತ್ತು. ಉದುರಿದ ಕೂದಲು ಮತ್ತೆ ಗುಂಗುರಾಗಿ ಬಂದಾಗ, “ಔಷಧದಾಗ ಬ್ಯೂಟಿ ಪಾರ್ಲರೂ ಸೇರಿತ್ತ ನೋಡ್ರಿ” ಎಂದು ಊರಿಗೆಲ್ಲ ತೋರಿಸಿಕೊಂಡು ಬಂದಿದ್ದಳು. ಈ ಸಲ ಮಳೆಗಾಲದ ಆರಂಭದಲ್ಲಿ ಎಡಗೈಯಿಂದ ನೂಲಿನ ತುದಿ ಜಾರತೊಡಗಿತು. ಹರಿದ ಎಳೆಯನ್ನು ಕಣ್ಣು ಮುಚ್ಚಿ ಗಂಟು ಹಾಕುತ್ತಿದ್ದವಳು ಕಣ್ಣು ತೆರೆದೂ ತಪ್ಪಿದಳು. ಕೊಲ್ಹಾಪುರದ ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರೆ, ಹಳೆಯ ರೋಗವೇ ಮೆದುಳಿಗೆ ಹೋಗಿ ಮೂರು ಸಣ್ಣ ಚುಕ್ಕೆಗಳಾಗಿ ಕೂತಿತ್ತು.

ಅಲ್ಲಿಯ ಕ್ಯಾನ್ಸರ್ ಡಾಕ್ಟರ್ ಅಪೂರ್ವ, ಚಿಕ್ಕೋಡಿ ಕಡೆಯ ಹುಡುಗಿ. ಕಬ್ಬಿನ ಗದ್ದೆ ನೋಡಿ ಬೆಳೆದವಳಾದ್ದರಿಂದ ವಿಷಯವನ್ನು ಅಲ್ಲಿಂದಲೇ ಶುರು ಮಾಡಿದಳು.

“ಕಾಕೂ, ಕಬ್ಬಿನಾಗ ಹಂದಿ ಹೊಕ್ಕೈತಿ ಅಂತ ತಿಳೀರಿ. ಇಡೀ ಹೊಲಕ್ಕ ಬೆಂಕಿ ಹಚ್ಚೂದ್ಯಾಕ? ಹಂದಿ ಎಲ್ಲಿ ಕುಂತೈತೋ ಅಲ್ಲೇ ಗುರಿ ಇಟ್ಟ ಹೊಡೀತೀವಿ. ಅದು ರೇಡಿಯೇಷನ್. ಪೆಟ್ಟ ಬಿತ್ತಂದ್ರ ಹಂದಿ ವಾಸನಿ ಹೊರಗ ಬರತೈತಿ. ನಿಮ್ಮ ಮೈಯಾಗ ಕಾವಲ ನಾಯಿ ಅದಾವ, ಆದ್ರ ಈ ರೋಗ ಅವುಗಳ ಕೊಳ್ಳಾಗ ಹಗ್ಗ ಹಾಕಿ ಕಟ್ಟೈತಿ. ಮೂರು ವಾರಕ್ಕೊಮ್ಮೆ ಒಂದು ಡ್ರಿಪ್ ಕೊಡ್ತೀನಿ, ಅದು ಹಗ್ಗ ಬಿಚ್ಚತೈತಿ. ಇಮ್ಯೂನೋಥೆರಪಿ ಅಂತಾರ. ವಾಸನಿ ಹಿಡಿದ ನಾಯಿ ಹಂದೀನ ಹುಡುಕಿ—”

“ಕೊಲ್ಲೂದು ಬ್ಯಾಡ್ರಿ,” ರಾಜಮತಿ ನಡುವೆಯೇ ತಡೆದಳು. “ನಾವು ಜೈನ ಮಂದಿ. ಓಡಸೂದು ಅನ್ರಿ.”

“ಆತು ಕಾಕೂ, ಓಡಸೂಣು,” ಡಾಕ್ಟರು ನಕ್ಕಳು. ಆಮೇಲೆ ನಗು ಬದಿಗಿಟ್ಟು ಹೇಳಿದಳು. “ಸುಳ್ಳ ಹೇಳಾಂಗಿಲ್ಲ. ಮೆದುಳಿಗೆ ಹೋದ ರೋಗಕ್ಕ ಇವೆರಡೂ ಕೂಡಿ ಕೊಡೂದು ಇನ್ನೂ ಹೊಸಾದು. ಕೆಲವರಿಗೆ ಚೊಲೊ ಆಗೈತಿ, ಕೆಲವರಿಗೆ ಆಗಿಲ್ಲ. ಆಪರೇಷನ್ನಿನಾಗ ತಗದ ನಿಮ್ಮ ಗಂಟಿನ ತುಣುಕು ಪರೀಕ್ಷಾ ಮಾಡೇವಿ, ಈ ಔಷಧ ಹೊಂದೂವಂಥಾದ್ದ ಐತಿ. ಅದಕ್ಕ ಮಾಡಿ ನೋಡೂಣು ಅನ್ನಾಕತ್ತೀನಿ.”

“ನಾಯಿ ಬಿಟ್ರ ಮನೀ ಕರೂಗ ಬಾಯಿ ಹಾಕಿದ್ರ?” ಇದು ಜಯಪಾಲನ ಪ್ರಶ್ನೆ. ಅವತ್ತು ಅವನು ಆಡಿದ ಒಂದೇ ಮಾತು, ಆದರೆ ಸರಿಯಾದ ಮಾತು.

“ಹಾಕಬಹುದು ಕಾಕಾ. ತುರಿಕಿ, ಭೇದಿ, ಕೆಮ್ಮು, ಏನ ಬಂದ್ರೂ ಅವತ್ತೇ ಹೇಳಬೇಕು. ತಲೀ ಒಳಗ ಊತ ಬಂದ್ರ ಮಾತು ತೊದಲತೈತಿ, ಇಲ್ಲಾ ನಿಲ್ಲತೈತಿ. ಹಂಗಾದ್ರ ಆ ಕ್ಷಣ ಹೊಂಟ ಬರ್ರಿ. ಊತ ಇಳಿಸಾಕ ಸ್ಟಿರಾಯ್ಡ್ ಐತಿ. ಬೇಕಾದ್ರ ಕೊಟ್ಟ ಕೊಡ್ತೀನಿ, ಜೀವಕ್ಕಿಂತ ದೊಡ್ಡದಿಲ್ಲ. ಆದ್ರ ಅದು ನಾಯಿಗೆ ನಿದ್ದಿ ಬರಸತೈತಿ. ಸುಮ್‌ಸುಮ್ಕ ಕೊಡಬಾರದು. ಶುರು ಮಾಡಿದ್ರ ಸಾವಕಾಶ ಇಳಸಬೇಕು, ಅಲ್ಲೀತನಕ ನಮ್ಮ ಡ್ರಿಪ್ ಮುಂದ ಹೋಗತೈತಿ.”

ಚಿಕಿತ್ಸೆ ಶುರುವಾಯಿತು. ಮುಖಕ್ಕೆ ಅಳತೆ ಮಾಡಿದ ಜಾಲರಿಯ ಮುಖವಾಡ ಹಾಕಿ, ತಲೆ ಅಲುಗದಂತೆ ಬಿಗಿದು, ಮೂರು ಚುಕ್ಕೆಗಳಿಗೆ ಗುರಿಯಿಟ್ಟು ರೇಡಿಯೇಷನ್ ಕೊಟ್ಟರು. ಅದಾದ ಮೇಲೆ ಡ್ರಿಪ್ಪುಗಳು. ಶ್ರಾವಣ ಮುಗಿಯುವ ಹೊತ್ತಿಗೆ ಎಡಗೈಯ ಹಿಡಿತ ಸ್ವಲ್ಪ ಬಿಗಿಯಾಯಿತು. ಒಳಗೆ ಏನಾಗಿದೆ ಎಂಬುದು ಮಾತ್ರ ಮುಂದಿನ ಸ್ಕ್ಯಾನ್ ಆಗುವವರೆಗೆ ಯಾರಿಗೂ ತಿಳಿಯುವಂತಿರಲಿಲ್ಲ. ಸೊಸೆ ಕಾಜಲ ದಿನಕ್ಕೆರಡು ಬಾರಿ ಅತ್ತೆಯ ಮುಂದೆ ಕೂತು, “ಅತ್ತೀ, ಏನರ ಮಾತಾಡ್ರಿ, ಕೇಳ್ತೀನಿ” ಅನ್ನುವಳು. ಈ ಮನೆಯಲ್ಲಿ ಇದಕ್ಕಿಂತ ಹಗುರಾದ ಪರೀಕ್ಷೆ ಬೇರೆ ಇರಲಿಲ್ಲ.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂತು. ಆ ವರ್ಷ ಊರಲ್ಲಿ ಮುನಿಮಹಾರಾಜರ ಚಾತುರ್ಮಾಸ. ಹತ್ತು ದಿನವೂ ಬಸದಿ ತುಂಬಿರುತ್ತಿತ್ತು. ಒಬ್ಬರು ನಿರಾಹಾರ, ಒಬ್ಬರು ಒಪ್ಪತ್ತು, ಒಬ್ಬರು ಉಪ್ಪು ಬಿಟ್ಟವರು. ರಾಜಮತಿಯೂ ಮುಂದೆ ಹೋಗಿ ಕೈಮುಗಿದಳು. “ನಮೋಸ್ತು ಮಹಾರಾಜ್ರ. ನನಗೂ ಉಪವಾಸ ಕೊಡ್ರಿ.”

ಮಹಾರಾಜರಿಗೆ ಅವಳ ರೋಗದ ವಿಷಯ ಗೊತ್ತಿತ್ತು. “ನಿನಗ ಉಪವಾಸ ಇಲ್ಲವ್ವಾ. ಔಷಧ ನಡದೈತಿ, ಉಣ್ಣಬೇಕು. ಉಳಿದದ್ದರಾಗ ನಿನಗ ಯಾವುದು ಭಾಳ ಪ್ರೀತಿ, ಅದನ್ನ ಒಂದಿನ ಬಿಡು, ಸಾಕು.”

ರಾಜಮತಿ ವಿಚಾರ ಮಾಡುವುದರೊಳಗೆ ಹಿಂದಿನಿಂದ ಯಾರೋ, “ಮಾತು!” ಎಂದರು. ಹೆಂಗಸರೆಲ್ಲ ನಕ್ಕರು. ಮಹಾರಾಜರ ಮುಖದಲ್ಲೂ ನಗೆಯ ಎಳೆ ಬಂದು ಹೋಯಿತು.

“ಆಗಲಿ. ಇವತ್ತ ಮೌನ. ನಾಳೆ ಮುಂಜಾನೆ ಅಭಿಷೇಕ ಆಗೂತನಕ,” ಎಂದಳು ರಾಜಮತಿ.

ಪಕ್ಕದಲ್ಲಿದ್ದ ನೆರೆಮನೆಯ ಕಾಶಿಬಾಯಿ ಮೆಲ್ಲಗೆ ಚುಚ್ಚಿದಳು. “ವೈನಿ, ಹೋದ ವರ್ಷದ ಮೌನ ನೋಡೇನಲ್ಲ. ಕೈಸನ್ನಿ ಮಾಡಿಮಾಡೀನ ಮೂರ ಮಂದೀನ ಬೈದಿದ್ರಿ. ಹಾಲಿನವ ಅವತ್ತಿಂದ ನಿಮ್ಮ ಓಣಿಗೆ ಬಂದಿಲ್ಲ.”

ರಾಜಮತಿಗೆ ರೋಷ ಬಂತು. “ಹಂಗಾರ ಕೈಸನ್ನೀನೂ ಇಲ್ಲ, ಕಣ್‌ಸನ್ನೀನೂ ಇಲ್ಲ. ತಲಿ ಅಲ್ಲಾಡಸೂದಿಲ್ಲ, ಬರದೂ ತೋರ್ಸೂದಿಲ್ಲ. ಕಟ್ಟಾ ಮೌನ!”

“ಹಗುರಾದ್ದು ತಗೋವ್ವಾ,” ಎಂದರು ಮಹಾರಾಜರು.

ಆದರೆ ಎಲ್ಲರೆದುರು ಆಡಿದ ಮಾತು ಹಿಂದೆ ಬರಲಿಲ್ಲ. ಕಾಶಿಬಾಯಿಗೂ ಈಗ ಸುಮ್ಮನಿರುವುದು ಸರಿಕಾಣಲಿಲ್ಲ. ತಾನೂ ಒಂದು ದಿನದ ಮೌನ ತೆಗೆದುಕೊಂಡಳು. ಜಾಣೆಯಾದ್ದರಿಂದ ಕೈಸನ್ನೆ ಮಾತ್ರ ಬಿಡಲಿಲ್ಲ.

ಇಬ್ಬರೂ ಬಾಯಿ ಮುಚ್ಚಿಕೊಂಡು ಮನೆಗೆ ಬಂದರು. ಹೋಗುವಾಗ ಮನೆಯಲ್ಲಿ ಹೇಳಿ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಬಸದಿಗೆ ಹೋಗುವಾಗ ರಾಜಮತಿಗೇ ಗೊತ್ತಿರಲಿಲ್ಲವಲ್ಲ.

“ಅತ್ತೀ, ಚಹಾ ಇಡ್ಲೇನ್ರಿ?” ಕಾಜಲ ಕೇಳಿದಳು.

ರಾಜಮತಿ ಗೋಡೆಗೆ ಒರಗಿ ಕೂತಳು.

“ಅತ್ತೀ? ಏನರ ಮಾತಾಡ್ರಿ, ಕೇಳ್ತೀನಿ.”

ರಾಜಮತಿ ಸೊಸೆಯ ಮುಖ ನೋಡಿದಳು. ಆಗ ಅವಳಿಗೆ ತನ್ನ ತಪ್ಪು ಹೊಳೆಯಿತು. ಹೊಳೆದು ಏನು ಮಾಡುವುದು?

ಕಾಜಲ ದಡ್ಡಿಯಲ್ಲ. ಹತ್ತಿರ ಕೂತು ಕೇಳಿದಳು. “ಮೌನ ಹಿಡದೀರೇನ್ರಿ? ಹೌದಂದ್ರ ತಲಿ ಅಲ್ಲಾಡಸ್ರಿ. ಕಣ್ಣರ ಪಿಳುಕಸ್ರಿ.”

ತಲೆ ಅಲ್ಲಾಡಲಿಲ್ಲ. ರಾಜಮತಿ ಕಣ್ಣನ್ನೂ ಬಿಗಿಹಿಡಿದು ಕೂತಳು, ನೀರು ಬರುವಷ್ಟು. ಸೊಸೆಗೆ ಕಂಡದ್ದು ಆ ನೀರು.

“ಮಾವಾರ! ಲಗೂನ ಬರ್ರಿ!”

ಜಯಪಾಲ ಶೆಡ್ಡಿನಿಂದ ಓಡಿ ಬಂದ. ಕಾಜಲ ಒಂದೇ ಉಸಿರಿನಲ್ಲಿ ಹೇಳಿದಳು. “ಮೌನ ಇರಬಹುದಂತ ಕೇಳಿದ್ನಿರಿ. ಮೌನ ಇದ್ದವ್ರು ತಲೀನರ ಅಲ್ಲಾಡಸ್ತಿದ್ರು. ಹೋದ ವರ್ಷ ಎಷ್ಟ ಕೈ ಬೀಸಿದ್ರು! ಇದು ಡಾಕ್ಟರ್ ಹೇಳಿದ್ದ ಊತಾನ ರೀ.”

ಕಾರು ಹೊರಗೆ ತೆಗೆದರು. ಮಗ ವೃಷಭ ಬಟ್ಟೆ ತಲುಪಿಸಲು ಇಚಲಕರಂಜಿಗೆ ಹೋಗಿದ್ದ. ಜಯಪಾಲ ಹೆಂಡತಿಯನ್ನು ಹಿಂದಿನ ಸೀಟಿಗೆ ಹತ್ತಿಸಿದ, ಕಾಜಲಳೇ ಸ್ಟೇರಿಂಗ್ ಹಿಡಿದಳು. ಅಷ್ಟರಲ್ಲಿ ಗದ್ದಲ ಕೇಳಿ ಕಾಶಿಬಾಯಿ ಬಾಗಿಲಿಗೆ ಬಂದಳು.

“ಕಾಶಿಬಾಯಿ, ಬಸದಿಯಾಗ ಇಕಿಗೆ ಏನಾತು?” ಜಯಪಾಲ ಕೂಗಿದ.

ಕಾಶಿಬಾಯಿ ತುಟಿಯ ಮೇಲೆ ಬೆರಳಿಟ್ಟಳು. ರಾಜಮತಿಯನ್ನು ತೋರಿಸಿದಳು. ಆಮೇಲೆ ಬಸದಿಯ ಕಡೆ ತಿರುಗಿ ಎರಡೂ ಕೈ ಎತ್ತಿ ಮುಗಿದಳು. ಮಹಾರಾಜರ ಮುಂದೆ ಮೌನ ತೆಗೆದುಕೊಂಡಿದ್ದಾಳೆ ಎಂದು ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳುವುದು? ಆದರೆ ಜಯಪಾಲ ಓದಿಕೊಂಡದ್ದೇ ಬೇರೆ: ಮಾತು ಹೋಯಿತು, ಇನ್ನು ಎಲ್ಲ ದೇವರ ಕೈಯಲ್ಲಿ. ಅವನ ಮುಖ ಬಿಳಿಚಿಕೊಂಡಿತು. ಕಾಶಿಬಾಯಿ ಗಾಬರಿಯಾಗಿ ಇನ್ನೂ ಜೋರಾಗಿ ಕೈ ಆಡಿಸಿದಳು. ಅದನ್ನವನು ಬೀಳ್ಕೊಡುಗೆ ಎಂದುಕೊಂಡ.

“ನೋಡ, ಅಕಿನೂ ಕೈ ಬೀಸಿ ಕಳಸಾಕತ್ತಾಳ. ನಡಿ ಕಾಜಲ, ನಡಿ.”

ಕಾರು ನಿಪ್ಪಾಣಿ ದಾಟಿ ಹೆದ್ದಾರಿ ಹಿಡಿಯಿತು. ಹಿಂದಿನ ಸೀಟಿನಲ್ಲಿ ಜಯಪಾಲ ಹೆಂಡತಿಯ ಕೈ ಹಿಡಿದುಕೊಂಡಿದ್ದ. ಸೊಸೆಯ ಎದುರು ಅವನು ಹಾಗೆ ಮಾಡಿದವನೇ ಅಲ್ಲ. ಕಾಜಲ ಕನ್ನಡಿಯಲ್ಲಿ ಒಮ್ಮೆ ನೋಡಿ, ಕಣ್ಣನ್ನು ರಸ್ತೆಗೆ ತಿರುಗಿಸಿದಳು.

ರಾಜಮತಿ ಲೆಕ್ಕ ಹಾಕುತ್ತಿದ್ದಳು. ಹೋಗಲಿ, ಆಸ್ಪತ್ರೆಗೇ ತಾನೇ. ನೋಡುತ್ತಾರೆ, ಏನೂ ಇಲ್ಲ ಅನ್ನುತ್ತಾರೆ, ವಾಪಸು ಬಂದರಾಯಿತು. ನಿಯಮ ಉಳಿಯುತ್ತದೆ, ಪೆಟ್ರೋಲು ಹೋಗುತ್ತದೆ. ಅಷ್ಟರಲ್ಲಿ ಪಕ್ಕದಿಂದ ಅಪರೂಪದ ದನಿಯೊಂದು ಶುರುವಾಯಿತು.

“ರಾಜೂ, ಕೇಳಸ್ತೈತೇನ ನಿನಗ? ಕೇಳಸದಿದ್ರೂ ಹೇಳ್ತೀನಿ. ನೀ ಸುಮ್ಕ ಕುಂತ್ರ ನನಗ ಎದಿ ಒಡದಂಗ ಆಗತೈತಿ. ನೀ ಮಾತಾಡ್ತೀ ಅಂತನ ನಾ ಸುಮ್ಕ ಇರ್ತಿದ್ನಿ. ಇಬ್ರೂ ಮಾತಾಡಿದ್ರ ಕೇಳೋರ ಯಾರು?” ದೂಧಗಂಗೆಯ ಸೇತುವೆ ಬಂತು, ಹೋಯಿತು. ಜಯಪಾಲ ನಿಲ್ಲಿಸಲಿಲ್ಲ. “ಡಾಕ್ಟ್ರು ಮೂರು ಚುಕ್ಕಿ ಅಂದ ದಿನ ನಾ ಮನೀಗೆ ಬಂದು ಎಂಟೂ ಲೂಮ್ ಒಮ್ಮೆಲೆ ಚಾಲೂ ಮಾಡಿದ್ನಿ, ನೆನಪೈತೇನ? ಬೀಮ್ ಖಾಲಿ ಐತಿ, ಒಂದ ಎಳಿ ನೂಲ ಇಲ್ಲ, ಯಾಕ ಚಾಲೂ ಮಾಡೀರಿ ಅಂತ ಬೈದಿ. ನಾ ಅಳೂದು ನಿನಗ ಕೇಳಬಾರದಂತ ಮಾಡಿದ್ನಿ.”

ಆ ದಿನ ರಾಜಮತಿಗೆ ನೆನಪಿತ್ತು. ಬೈದದ್ದೂ ನೆನಪಿತ್ತು.

“ಇನ್ನೊಂದ ಹೇಳ್ತೀನಿ. ಶೇಂಗಾ ಹೋಳಿಗಿ ನಮ್ಮವ್ವ ಮಾಡಿದಂಗ ಆಗೂದಿಲ್ಲ ಅಂತ ವರ್ಷಾ ವರ್ಷಾ ಅಂತಿದ್ನಲ್ಲ. ಸುಳ್ಳ ಅದು. ನಿಂದ ಚೊಲೊ. ನಮ್ಮವ್ವಂದು ಹಲ್ಲಿಗೆ ಅಂಟ್ತಿತ್ತು.”

ಇಲ್ಲಿ ರಾಜಮತಿಯ ಮೌನ ಮುರಿಯುವುದು ಕೂದಲೆಳೆಯಲ್ಲಿ ತಪ್ಪಿತು. ಸತ್ತು ಸ್ವರ್ಗ ಸೇರಿದ ಅತ್ತೆಯ ಎದುರು ಇಷ್ಟು ವರ್ಷ ತಲೆ ತಗ್ಗಿಸಿದ್ದು ಸುಮ್ಮನೆಯೇ! ಆದರೆ ಬಾಯಿ ಬಿಟ್ಟರೆ ಈ ಮನುಷ್ಯ ಮತ್ತೆ ‘ಹೂಂ’ಗೆ ಹೋಗುತ್ತಾನೆ ಎಂಬುದೂ ಅವಳಿಗೆ ಗೊತ್ತಿತ್ತು. ನಿಯಮದ ಜೊತೆ ಈಗ ಆಸೆಯೂ ಸೇರಿ ಬಾಯಿ ಇನ್ನಷ್ಟು ಬಿಗಿಯಾಯಿತು. ಕಾಗಲದಿಂದ ಕೊಲ್ಹಾಪುರದವರೆಗೆ ಅವನು ಹೇಳಿದ, ಅವಳು ಕೇಳಿದಳು.

ಆಸ್ಪತ್ರೆಯಲ್ಲಿ ಡಾ. ಅಪೂರ್ವ ಬೇರೊಬ್ಬ ರೋಗಿಯ ರೇಡಿಯೇಷನ್ನಿನಲ್ಲಿದ್ದಳು. ತುರ್ತು ವಿಭಾಗದಲ್ಲಿದ್ದ ಡಾ. ನಿಖಿಲ ಎಂಬ ಯುವಕ ಓಡಿ ಬಂದ.

“ಕಾಕೂ, ನಿಮ್ಮ ಹೆಸರೇನ್ರಿ?” ಉತ್ತರವಿಲ್ಲ. “ಇವರ್ಯಾರು?” ಉತ್ತರವಿಲ್ಲ. “ಬಲಗೈ ಎತ್ತರಿ.”

ರಾಜಮತಿ ಕ್ಷಣ ಯೋಚಿಸಿದಳು. ಕೇಳಿದ್ದಕ್ಕೆ ಕೈಯಿಂದ ಉತ್ತರ ಕೊಟ್ಟರೆ ಅದು ಮಾತು. ಎತ್ತು ಅಂದಾಗ ಎತ್ತಿದರೆ ಅದು ಕಸರತ್ತು. ಎತ್ತಿದಳು. ಎಡಗೈ ಅಂದ, ಅದನ್ನೂ ಎತ್ತಿದಳು. ಕಾಲು ಮಡಚಿದಳು, ಬಿಡಿಸಿದಳು. ತಾನು ಸಹಕರಿಸಿದರೆ ಬೇಗ ಬಿಡುತ್ತಾರೆ ಎಂಬ ಲೆಕ್ಕ ಅವಳದು.

ಲೆಕ್ಕ ತಿರುಗಿ ಬಡಿಯಿತು. ನಿಖಿಲ ಜಯಪಾಲನನ್ನು ಬದಿಗೆ ಕರೆದು ಹೇಳಿದ. “ಕೈಕಾಲು ಬಲ ಐತಿ. ಹೇಳಿದ್ದೆಲ್ಲ ತಿಳೀತೈತಿ. ಮಾತೊಂದ ನಿಂತೈತಿ. ಅಂದ್ರ ಮಾತಿನ ಜಾಗಾದ ಹಂತೇಕ ಊತ ಇರಬೇಕು. ಸ್ಕ್ಯಾನ್ ಮಶೀನಿನಾಗ ಬ್ಯಾರೆ ಪೇಶಂಟ್ ಅದಾರ. ಅಲ್ಲೀತನಕ ಕಾಯಾಕ ಬರೂದಿಲ್ಲ. ಅಪೂರ್ವ ಮೇಡಮ್ಮಗ ಫೋನ್ ಮಾಡಿ ಕೇಳೀನಿ, ಮಾತ ನಿಂತಿದ್ರ ಸ್ಟಿರಾಯ್ಡ್ ಶುರು ಮಾಡು ಅಂದಾರ.”

“ಜೀವ ಉಳೀಲಿ ಸಾಹೇಬ್ರ. ಏನ ಬೇಕಾದ್ದ ಕೊಡ್ರಿ,” ಎಂದ ಜಯಪಾಲ.

ರಾಜಮತಿಗೆ ಎಲ್ಲ ಕೇಳಿಸಿತು. ಸ್ಟಿರಾಯ್ಡ್. ನಾಯಿಗಳಿಗೆ ನಿದ್ದೆ ಬರಿಸುವುದು. ಶುರು ಮಾಡಿದರೆ ಸಾವಕಾಶ ಇಳಿಸಬೇಕು, ಅಲ್ಲಿಯವರೆಗೆ ಡ್ರಿಪ್ ಮುಂದಕ್ಕೆ. ಮುಂದಿನ ಬುಧವಾರದ ಡ್ರಿಪ್ಪನ್ನು ಅವಳು ಹಬ್ಬದ ಹಾಗೆ ಕಾಯುತ್ತಿದ್ದಳು. ಎಡಗೈಗೆ ನೂಲು ಮತ್ತೆ ಸಿಗತೊಡಗಿದ್ದು ಆ ಹಗ್ಗ ಬಿಚ್ಚಿದ ಮೇಲೆಯೇ ಎಂದು ಅವಳ ನಂಬಿಕೆ.

ಒಂದು ಕಡೆ ಮಹಾರಾಜರ ಮುಂದೆ, ಇಡೀ ಬಸದಿಯ ಎದುರು ಹಿಡಿದ ನಿಯಮ. ಅವಳ ಮನೆತನದಲ್ಲಿ ನಿಯಮ ಮುರಿದವರ ಹೆಸರು ಮೂರು ತಲೆಮಾರು ಹೇಳುತ್ತಿದ್ದರು. ಇನ್ನೊಂದು ಕಡೆ ನರ್ಸಿನ ಕೈಯಲ್ಲಿ ತುಂಬಿದ ಸಿರಿಂಜ್. ಮನಸ್ಸಿನಲ್ಲೇ ಣಮೋಕಾರ ಮಂತ್ರ ಹೇಳಿಕೊಂಡಳು. ನರ್ಸ್ ತೋಳಿನ ಸೆರಗು ಸರಿಸಿದಳು. ಸ್ಪಿರಿಟ್ಟಿನ ಹತ್ತಿ ತಣ್ಣಗೆ ತಗುಲಿತು.

“ತಡೀ ಬೇ!”

ಎಂಟು ಮಗ್ಗಗಳ ಮೇಲೆ ಕೇಳಿಸಬೇಕಾದ ದನಿ ಅದು. ನರ್ಸಿನ ಕೈ ಗಾಳಿಯಲ್ಲೇ ನಿಂತಿತು. ಮೂರನೆಯ ಹಾಸಿಗೆಯಲ್ಲಿ ಮಲಗಿದ್ದ ಮುದುಕ ಎದ್ದು ಕೂತ.

“ಆ ಸೂಜಿ ಬ್ಯಾಡ. ಊತ ಇಲ್ಲ, ಏನೂ ಇಲ್ಲ. ನನ್ನ ಹೆಸರು ರಾಜಮತಿ. ಇವರು ನಮ್ಮ ಯಜಮಾನ್ರು, ಬೋರಗಾಂವದವ್ರು, ಭಾಳ ಚೊಲೊ ಮನಶ್ಯಾರು, ಇವತ್ತ ಗೊತ್ತಾತು. ನಾ ಮೌನ ಹಿಡದಿದ್ನಿ. ಕೈಸನ್ನಿ ಸುದ್ದಾ ಬಿಟ್ಟಿದ್ನಿ. ಆ ಕಾಶಿಬಾಯಿ ಚುಚ್ಚಿದ್ಲಂತ ಬಿಟ್ಟೆ. ತಪ್ಪ ನಂದ, ಆದ್ರ ಅರ್ಧ ಅಕೀದು!”

ಕಾಜಲ ಗೋಡೆಗೆ ಮುಖ ಹಚ್ಚಿ ನಗತೊಡಗಿದಳು. ನಕ್ಕು ನಕ್ಕು ಅಳತೊಡಗಿದಳು. ಜಯಪಾಲ ಸ್ಟೂಲಿನ ಮೇಲೆ ಕುಸಿದು ಕೂತ. ಮುಖದಲ್ಲಿ ಮೊದಲು ಬೆಳಕು ಬಂತು, ಆಮೇಲೆ ಸಿಟ್ಟು.

“ಹಂಗಾರ ಕಾರಿನಾಗ ಎಲ್ಲಾ ಕೇಳಸ್ತೇನ?”

“ಎಲ್ಲಾ.”

“ಹೋಳಿಗೀದೂ?”

“ಹೋಳಿಗೀದ ಎರಡೆರಡ ಸಲ ಕೇಳಸ್ತು.”

ನಿಖಿಲ ಹಣೆಯ ಬೆವರು ಒರೆಸಿಕೊಂಡ. “ಕಾಕೂ, ಇಷ್ಟ ಸ್ಪಷ್ಟ ಮಾತಾಡೋ ಪೇಶಂಟ್ ನಾ ನೋಡೇ ಇಲ್ಲ. ಸಿಸ್ಟರ್, ಸೂಜಿ ಇಡ್ರಿ.”

ಹತ್ತು ನಿಮಿಷದಲ್ಲಿ ಡಾ. ಅಪೂರ್ವ ಬಂದಳು. ವಿಷಯ ಕೇಳಿ ಬಾಯಿ ಬಿಗಿಹಿಡಿದಳು. ನಗಬೇಕೋ ಬೈಯಬೇಕೋ ನಿರ್ಧಾರವಾಗಲಿಲ್ಲ. ಕೊನೆಗೆ ಎರಡೂ ಮಾಡಿದಳು. “ನಿಮ್ಮ ಮನ್ಯಾವ್ರು ಬಂದದ್ದು ನೂರಕ್ಕ ನೂರು ಬರೋಬ್ಬರಿ. ನಾಳೆ ನಿಜಾನೂ ಮಾತು ನಿಂತ್ರ, ಮೌನ ಇರಬಹುದಂತ ಅವರು ಕುಂತಬಿಟ್ರ ಏನ ಮಾಡ್ತೀರಿ? ಇನ್ನಮ್ಯಾಲ ಏನ ಬಿಟ್ರೂ ಬಿಡ್ರಿ, ಮಾತೊಂದ ಬಿಡಬ್ಯಾಡ್ರಿ.” ಆಮೇಲೆ, “ಬಂದೀರಿ, ಮುಂದಿನ ವಾರದ ಸ್ಕ್ಯಾನ್ ಇವತ್ತ ಮಾಡೂಣು,” ಎಂದಳು.

ಸ್ಕ್ಯಾನ್ ಯಂತ್ರದ ಬಡಿತಕ್ಕೆ ಜನ ಹೆದರುತ್ತಾರೆ. ರಾಜಮತಿಗೆ ಅದು ಮನೆಯ ಮಗ್ಗದ ಸದ್ದು. ಒಳಗೆ ಹೋದ ಸ್ವಲ್ಪ ಹೊತ್ತಿಗೆ ಗೊರಕೆ ಹೊಡೆಯತೊಡಗಿದಳು. ಹೊರಗೆ ಕೂತ ಜಯಪಾಲನಿಗೆ ಮಾತ್ರ ಬೆಂಚಿನ ಮೇಲೆ ಕೂರಲು ಆಗಲಿಲ್ಲ. ಮೌನದ ನಾಟಕ ಮುಗಿದಿತ್ತು. ಇದು ಖರೆಯ ಪರೀಕ್ಷೆ.

ಸಂಜೆಯ ಮುಂಚೆ ಡಾಕ್ಟರು ಪರದೆಯ ಮೇಲೆ ಚಿತ್ರ ತೋರಿಸಿದಳು. “ಇದು ಮಳಿಗಾಲದಾಗಿಂದು, ಇದು ಇವತ್ತಿಂದು. ಎರಡು ಚುಕ್ಕಿ ಸಣ್ಣ ಆಗ್ಯಾವ, ನೋಡ್ರಿ. ಮೂರನೇದು ಇದ್ದಂಗ ಐತಿ, ಬೆಳದಿಲ್ಲ. ಊತ ಹೇಳೂವಷ್ಟ ಇಲ್ಲ. ಗೆದ್ವಿ ಅನ್ನಾಂಗಿಲ್ಲ. ಆದ್ರ ನಾಯಿ ಎದ್ದಾವ, ವಾಸನಿ ಹಿಡದಾವ. ಬುಧವಾರ ಡ್ರಿಪ್ ತಪ್ಪಸಬ್ಯಾಡ್ರಿ.”

ಜೈನರ ಪದ್ಧತಿಯಂತೆ ಬೆಳಕಿರುವಾಗಲೇ ಊಟ ಮಾಡಬೇಕೆಂದು ಕಾಜಲ ಎಲ್ಲರನ್ನೂ ಕ್ಯಾಂಟೀನಿಗೆ ಎಳೆದುಕೊಂಡು ಹೋದಳು. ಈರುಳ್ಳಿ, ಆಲೂಗಡ್ಡೆ ಇಲ್ಲದ ಪಲ್ಯ ಯಾವುದೆಂದು ರಾಜಮತಿ ಮೂರು ಬಾರಿ ಕೇಳಿದಳು. ಯಾರೂ ಅವಳನ್ನು ಸುಮ್ಮನಿರು ಅನ್ನಲಿಲ್ಲ.

ಮರುದಿನ ಬಸದಿಯಲ್ಲಿ ಅವಳು ಮಹಾರಾಜರ ಮುಂದೆ ಕೂತು ನಡೆದದ್ದನ್ನೆಲ್ಲ ಹೇಳಿದಳು. ಮೌನ ಮುಗಿದಿದ್ದ ಕಾಶಿಬಾಯಿ ನಡುನಡುವೆ ಬಿಟ್ಟದ್ದನ್ನು ಸೇರಿಸಿದಳು. “ನಿಯಮ ಮುರದೇನ್ರಿ ಮಹಾರಾಜ್ರ. ಪ್ರಾಯಶ್ಚಿತ್ತ ಕೊಡ್ರಿ. ಬೆಲ್ಲ ಬಿಡ್ಲಿ, ತುಪ್ಪ ಬಿಡ್ಲಿ?”

ಮಹಾರಾಜರು ಕೈ ಎತ್ತಿ ಆಶೀರ್ವದಿಸಿದರು. “ಬಿಡೂದೇನೂ ಬ್ಯಾಡವ್ವಾ. ಇಷ್ಟ ಮಾತಾಡ್ತೀ. ಮನಿಯವರಿಗೆ ಹೇಳಬೇಕಾದ ಯಾವುದರ ಒಂದು ಮಾತು ಇನ್ನೂ ಒಳಗ ಉಳದಿದ್ರ, ಅದನ್ನ ಹೇಳು. ಅದ ಪ್ರಾಯಶ್ಚಿತ್ತ.”

ರಾಜಮತಿ ನಮಸ್ಕರಿಸಿ ಎದ್ದಳು. ಹಗುರಾದದ್ದು ಸಿಕ್ಕಿತೆಂದು ಕಾಶಿಬಾಯಿ ಹೊಟ್ಟೆಕಿಚ್ಚು ಪಟ್ಟಳು. ಆದರೆ ಒಂದು ದಿನ ಹೋಯಿತು, ಎರಡು ದಿನ ಹೋಯಿತು, ರಾಜಮತಿಗೆ ಅದನ್ನು ಹೇಳಲಾಗಲಿಲ್ಲ. ಮಳೆ, ನೂಲಿನ ದರ, ಪಕ್ಕದ ಮನೆಯ ಬೆಕ್ಕು ಎಲ್ಲ ಬಾಯಿಗೆ ಬಂದವು. ಆ ಮಾತೊಂದು ಬರಲಿಲ್ಲ.

ಬುಧವಾರ ಬಂತು. ಆಸ್ಪತ್ರೆಯ ಕುರ್ಚಿಯಲ್ಲಿ ಕೂರಿಸಿ ನರ್ಸ್ ಡ್ರಿಪ್ ಹಚ್ಚಿದಳು. ಹನಿ ಇಳಿಯತೊಡಗಿತು. ಪಕ್ಕದಲ್ಲಿ ಜಯಪಾಲ ಎಂದಿನಂತೆ ಸುಮ್ಮನೆ ಕೂತಿದ್ದ. ರಾಜಮತಿ ಕಿಟಕಿ ಕಡೆ ನೋಡುತ್ತ ಹೇಳಿದಳು.

“ನನಗ ಭಾಳ ಅಂಜಿಕಿ ಆಗತೈತ್ರಿ. ಮೂರನೇ ಚುಕ್ಕಿ ಹಂಗ ಕುಂತೈತಲ್ಲ. ಮೊದಲ ದಿನದಿಂದ ಅಂಜಿಕಿ ಐತಿ. ಅದಕ್ಕ ಬಾಯಿ ನಿಂದರಸೂದಿಲ್ಲ ನಾ.”

ಅದು ಅವಳ ಬಾಯಿಂದ ಬಂದ ಅತ್ಯಂತ ಮೆಲ್ಲಗಿನ ಮಾತು. ಆದರೂ ಜಯಪಾಲನಿಗೆ ಕೇಳಿಸಿತು. ಅವನು ಹೂಂ ಅನ್ನಲಿಲ್ಲ.

“ನನಗೂ ಐತಿ,” ಅಂದ. “ಇನ್ನ ಇಬ್ರೂ ಕೂಡೇ ಅಂಜೂಣು. ಒಬ್ಬಾಕಿನ ಯಾಕ ಅಂಜ್ತಿ?”

ರಾಜಮತಿ ಮೂಗು ಒರೆಸಿಕೊಂಡಳು. ಮೈ ಹಗುರಾಯಿತು. ಹಗುರಾದದ್ದೇ ತಡ, ಇನ್ನೊಂದು ನೆನಪಾಯಿತು.

“ಮತ್ತ ಬೆನ್ನ ಮ್ಯಾಲ ತುರಿಕಿ ಬಂದೈತ್ರಿ.”

“ಯಾವಾಗಿಂದ?”

“ಶನಿವಾರದಿಂದ.”

“ಶನಿವಾರದಿಂದ! ಊರಿನ ಬೆಕ್ಕಿನ ಸುದ್ದಿ ಹೇಳ್ತಿ, ನಿನ್ನ ಬೆನ್ನಿಂದ ಹೇಳೂದಿಲ್ಲ? ಸಿಸ್ಟರ್! ಏ ಸಿಸ್ಟರ್, ಲಗೂನ ಡಾಕ್ಟ್ರನ್ನ ಕರೀರಿ!”

ಜಯಪಾಲನ ದನಿಗೆ ಇಡೀ ಕೋಣೆ ತಿರುಗಿ ನೋಡಿತು. ಡಾ. ಅಪೂರ್ವ ಬಂದು ಬೆನ್ನು ನೋಡಿ, ಕೆಂಪು ದದ್ದಿನಂಥ ಸಣ್ಣ ಗಂಧೆ, ಹಚ್ಚಲು ಮುಲಾಮು ಕೊಡುತ್ತೇನೆ, ಸದ್ಯ ಡ್ರಿಪ್ ನಿಲ್ಲಿಸುವ ಕಾರಣವಿಲ್ಲ, ಹೆಚ್ಚಾದರೆ ಅದೇ ದಿನ ಫೋನ್ ಮಾಡಿ ಎಂದಳು.

“ನಾ ಮಾಡ್ತೀನ್ರಿ ಫೋನ್,” ಎಂದ ಜಯಪಾಲ. “ಇಕೀಗೆ ಹೇಳಿದ್ರ ಮೊದಲ ಹವಾಮಾನ ಹೇಳ್ತಾಳ.”

ರಾಜಮತಿ ಬಾಯಿ ತೆರೆದಳು. ಅವನು ಇನ್ನೂ ಮುಗಿಸಿರಲಿಲ್ಲ. ನಾಲ್ಕು ವರ್ಷದಿಂದ ಕೂಡಿಟ್ಟ ಪ್ರಶ್ನೆಗಳನ್ನೆಲ್ಲ ಒಂದೊಂದಾಗಿ ಡಾಕ್ಟರಿಗೆ ಕೇಳತೊಡಗಿದ್ದ. ಅವಳು ಬಾಯಿ ಮುಚ್ಚಿ, ಕುರ್ಚಿಗೆ ಒರಗಿ, ಕೇಳುತ್ತ ಕೂತಳು.